ಮಿಲ್ಲಿ ಸ್ಮಾಲ್ ಅವರ ಚೊಚ್ಚಲ ಆಲ್ಬಂ: ‘ಕಲಬೆರಕೆ’ ಎನ್ನುವುದು ನ್ಯಾಯವೇ?

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಜಮೈಕಾದ ಸಂಗೀತವನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ರೆಗೆ ಸಂಗೀತಕ್ಕೂ ಬಾಬ್ ಮಾರ್ಲಿಗೂ ಲೇಖಕರು ಕೊಟ್ಟಿರುವ ಜಾಗ ಯೋಗ್ಯವಾದದ್ದೇ. ಆದರೆ ರೆಗೆಗೂ ಮುಂಚಿನ ಸ್ಕಾ ಸಂಗೀತದ ಪ್ರಸ್ತಾಪ ಬಂದಾಗ ಅವರು ಮಿಲ್ಲಿ ಸ್ಮಾಲ್ ಎಂಬ ಗಾಯಕಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದಾರೆ. ಒಂದು ಮಕ್ಕಳಾಟದಂಥ ಹಾಡಿನಿಂದ ಹೆಸರು ಮಾಡಿದಳು, ಸ್ಕಾ ಸಂಗೀತವನ್ನು ಇಂಗ್ಲೆಂಡಿನ ಪಾಪ್ ಮಾರುಕಟ್ಟೆಗೆ ತಕ್ಕಂತೆ ಕಲಬೆರಕೆ ಮಾಡಿ ಒಂದು ಆಲ್ಬಂ ತಂದಳು, ಆಮೇಲೆ ಕಣ್ಮರೆಯಾದಳು ಎಂಬುದು ಆ ವಾಕ್ಯದ ಸಾರಾಂಶ. ಈ ಅಭಿಪ್ರಾಯ ಲೇಖಕರೊಬ್ಬರದೇ ಆಗಿದ್ದರೆ ನಾನು ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಸ್ಕಾ ಬಗ್ಗೆ ಬರೆಯುವ ಹಲವರು ಇದೇ ಮಾತನ್ನು ಪರೀಕ್ಷಿಸದೆ ಒಬ್ಬರಿಂದೊಬ್ಬರು ಪಡೆದುಕೊಂಡು ಬಂದಿದ್ದಾರೆ. ಆದ್ದರಿಂದ ಪತ್ರ ತುಸು ಉದ್ದವಾದರೂ ಪ್ರಕಟಿಸಬೇಕಾಗಿ ಕೋರುತ್ತೇನೆ.

ಕನ್ನಡದ ಓದುಗರಲ್ಲಿ ನನ್ನ ವಯಸ್ಸಿನವರಿಗೆ ಜಮೈಕಾ ಎಂದೊಡನೆ ನೆನಪಾಗುವುದು ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್. 1976ರ ಆ ಟೆಸ್ಟ್ ಪಂದ್ಯದಲ್ಲಿ ನಮ್ಮ ವಿಶ್ವನಾಥ್ ಬೆರಳು ಮುರಿದುಕೊಂಡದ್ದು, ಬ್ರಿಜೇಶ್ ಪಟೇಲ್ ಬಾಯಿಗೆ ಪೆಟ್ಟು ತಿಂದದ್ದು ರೇಡಿಯೊ ಕೇಳುತ್ತಿದ್ದವರಿಗೆಲ್ಲ ಗೊತ್ತು. ಆ ದ್ವೀಪದ ಸಂಗೀತದಲ್ಲಿ ಮಾರ್ಲಿಯನ್ನು ಬಿಟ್ಟರೆ ಬೇರೆ ಹೆಸರು ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಹೀಗಾಗಿ ಸ್ಕಾ ಎಂದರೇನು ಎಂಬುದನ್ನು ಎರಡು ಮಾತಿನಲ್ಲಾದರೂ ಹೇಳದೆ ಮುಂದಿನ ವಾದ ತಿಳಿಯುವುದು ಕಷ್ಟ.

‘ತಕಧಿಮಿ’ ಎಂದು ಬಾಯಲ್ಲಿ ಹೇಳುತ್ತಾ ‘ತ’ ಮತ್ತು ‘ಧಿ’ ಅಕ್ಷರಗಳಿಗೆ ಪಾದದಿಂದ ತಾಳ ಹಾಕಿ, ‘ಕ’ ಮತ್ತು ‘ಮಿ’ ಅಕ್ಷರಗಳಿಗೆ ಚಪ್ಪಾಳೆ ತಟ್ಟಿ ನೋಡಿ. ಪಾದ ಬೀಳುವ ಜಾಗದಲ್ಲಿ ಬಾಸ್ ವಾದ್ಯ ನಡೆಯುತ್ತಿರುತ್ತದೆ. ಚಪ್ಪಾಳೆ ಬೀಳುವ ಜಾಗದಲ್ಲಿ ಗಿಟಾರು, ಪಿಯಾನೊ, ಕೆಲವೊಮ್ಮೆ ತುತ್ತೂರಿಗಳೂ ಒಟ್ಟಾಗಿ ಚುಟುಕಾಗಿ ಮೊಟಕಿ ನಿಲ್ಲುತ್ತವೆ. ಈ ಎದುರು ಪೆಟ್ಟೇ ಸ್ಕಾದ ಜೀವಾಳ. ಕೇಳುವವರ ಮೈ ತಾನಾಗಿ ಕುಣಿಯತೊಡಗುವುದೂ ಅದರಿಂದಲೇ. ಇದು ಹುಟ್ಟಿದ ಬಗೆಯನ್ನು ಗಮನಿಸಬೇಕು. 1950ರ ದಶಕದಲ್ಲಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿ, ಅಮೆರಿಕದಿಂದ ತಂದ ರಿದಂ ಅಂಡ್ ಬ್ಲೂಸ್ ಎಂಬ ಕರಿಯರ ಜನಪ್ರಿಯ ಸಂಗೀತದ ಪ್ಲೇಟುಗಳನ್ನು ಹಾಕಿ ರಾತ್ರಿಯಿಡೀ ಕುಣಿಸುವ ‘ಸೌಂಡ್ ಸಿಸ್ಟಂ’ಗಳಿದ್ದವು. ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಅವರಂಥವರು ಅವುಗಳ ಒಡೆಯರು. ದಶಕ ಮುಗಿಯುತ್ತ ಬಂದಂತೆ ಅಮೆರಿಕದಲ್ಲಿ ಜನರ ಅಭಿರುಚಿ ಬದಲಾಗಿ, ಇವರಿಗೆ ಬೇಕಾಗಿದ್ದ ಬಗೆಯ ಕುಣಿತದ ಪ್ಲೇಟುಗಳ ಪೂರೈಕೆ ಕುಗ್ಗಿತು. ಆಗ ಅವರು ಸ್ಥಳೀಯ ಗಾಯಕರನ್ನೂ ಜಾಝ್ ಕಲಿತ ವಾದ್ಯಗಾರರನ್ನೂ ಕೂಡಿಸಿ ತಾವೇ ಧ್ವನಿಮುದ್ರಣ ಮಾಡಿಸತೊಡಗಿದರು. ಮೊದಮೊದಲು ಬಂದದ್ದು ನ್ಯೂ ಆರ್ಲಿಯನ್ಸ್ ಶೈಲಿಯ ನಕಲು. ನಕಲು ಮಾಡುತ್ತ ಮಾಡುತ್ತ ಎದುರು ಪೆಟ್ಟಿನ ಒತ್ತು ಹೆಚ್ಚಾಯಿತು, ಮೆಂಟೊ ಎಂಬ ಹಳ್ಳಿಗಾಡಿನ ಸಂಗೀತದ ಸೊಗಡು ಸೇರಿತು. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಗುವ ಹೊತ್ತಿಗೆ ಅದು ಆ ನಾಡಿನದೇ ಸಂಗೀತವಾಗಿ ನಿಂತಿತ್ತು. ಅಂದರೆ ಹುಟ್ಟಿನಿಂದಲೇ ಸ್ಕಾ ಎಂಬುದು ಹೊರಗಿನ ಪಾಪ್ ಸಂಗೀತದೊಂದಿಗಿನ ಒಡನಾಟದ ಫಲ. ಮಾರಾಟಕ್ಕೆಂದೇ, ಕುಣಿತಕ್ಕೆಂದೇ ತಯಾರಾದದ್ದು. ಇಂಥದ್ದರಲ್ಲಿ ಯಾವುದು ಅಪ್ಪಟ, ಯಾವುದು ಕಲಬೆರಕೆ ಎಂದು ಗೆರೆ ಎಳೆಯಲು ಹೊರಟವರು ಮೊದಲು ಆ ಗೆರೆಯನ್ನು ಎಲ್ಲಿ ಎಳೆಯುತ್ತೇವೆಂದು ಹೇಳಬೇಕಾಗುತ್ತದೆ.

ಮಿಲ್ಲಿ ಹುಟ್ಟಿದ್ದು ಕ್ಲಾರೆಂಡನ್ ಜಿಲ್ಲೆಯಲ್ಲಿ. ತಂದೆ ಕಬ್ಬಿನ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದವರು. (1845ರಿಂದ ಭಾರತದ ಕೂಲಿಗಳನ್ನು ಹಡಗಿನಲ್ಲಿ ಒಯ್ದು ದುಡಿಸಿಕೊಂಡದ್ದು ಆ ದ್ವೀಪದ ಇಂಥ ಕಬ್ಬಿನ ತೋಟಗಳಲ್ಲಿಯೇ ಎಂಬುದನ್ನು ಇಲ್ಲಿ ಸುಮ್ಮನೆ ನೆನೆದು ಮುಂದೆ ಹೋಗುತ್ತೇನೆ.) ಹನ್ನೆರಡರ ವಯಸ್ಸಿನಲ್ಲಿಯೇ ವೀರ್ ಜಾನ್ಸ್ ಅವರ ಪ್ರತಿಭಾ ಸ್ಪರ್ಧೆಯಲ್ಲಿ ಗೆದ್ದು, ಬಳಿಕ ಕಿಂಗ್‌ಸ್ಟನ್ನಿಗೆ ಬಂದು ಕಾಕ್ಸನ್ ಡಾಡ್ ಅವರಿಗಾಗಿ ಓವೆನ್ ಗ್ರೇ ಜೊತೆಯಲ್ಲಿ, ಆಮೇಲೆ ರಾಯ್ ಪ್ಯಾಂಟನ್ ಜೊತೆಯಲ್ಲಿ ಯುಗಳಗೀತೆಗಳನ್ನು ಹಾಡಿದರು. ಆ ಕಾಲದಲ್ಲಿ ಜಮೈಕಾದಲ್ಲಿ ಗಂಡು–ಹೆಣ್ಣು ಜೋಡಿ ಹಾಡುವುದು ಬಹಳ ಜನಪ್ರಿಯ. ನ್ಯೂ ಆರ್ಲಿಯನ್ಸಿನ ಶರ್ಲಿ ಮತ್ತು ಲೀ ಎಂಬ ಜೋಡಿ ಅದಕ್ಕೆ ಮಾದರಿ. ಮಿಲ್ಲಿಯವರ ಎತ್ತರದ, ತುಸು ಮೂಗಿನಿಂದ ಬರುವ ಕಂಠ ಆ ಶರ್ಲಿಯನ್ನೇ ನೆನಪಿಸುತ್ತದೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಲೇಖಕರು ‘ಮಕ್ಕಳಾಟ’ ಎಂದು ಕರೆದ ಆ ಕಂಠವನ್ನು ಲಂಡನ್ನಿನ ವ್ಯಾಪಾರಿಗಳು ಮಾರುಕಟ್ಟೆಗಾಗಿ ಹುಟ್ಟುಹಾಕಿದ್ದಲ್ಲ. ಕಿಂಗ್‌ಸ್ಟನ್ನಿನ ಕುಣಿತದ ಅಂಗಳಗಳಲ್ಲಿ ಜನ ಆಗಲೇ ಮೆಚ್ಚಿ ಕೇಳುತ್ತಿದ್ದದ್ದು ಅದೇ ಕಂಠವನ್ನು.

ಐಲೆಂಡ್ ರೆಕಾರ್ಡ್ಸ್ ಸಂಸ್ಥೆಯನ್ನು 1959ರಲ್ಲಿ ಜಮೈಕಾದಲ್ಲಿ ಆರಂಭಿಸಿದ್ದ ಕ್ರಿಸ್ ಬ್ಲ್ಯಾಕ್‌ವೆಲ್ 1962ರಲ್ಲಿ ಲಂಡನ್ನಿಗೆ ನೆಲೆ ಬದಲಿಸಿ, ಅಲ್ಲಿ ವಲಸೆ ಬಂದಿದ್ದ ಕೆರಿಬಿಯನ್ ಜನರ ಕೇರಿಯ ಅಂಗಡಿಗಳಿಗೆ ಪ್ಲೇಟುಗಳನ್ನು ಸ್ವತಃ ಕಾರಿನಲ್ಲಿ ಹೊತ್ತು ಮಾರುತ್ತಿದ್ದರು. ಮಿಲ್ಲಿಯವರ ಹಾಡು ಕೇಳಿ ಮೆಚ್ಚಿದ ಅವರು, ತಾವೇ ಆಕೆಯ ಕಾನೂನುಬದ್ಧ ಪೋಷಕರಾಗಿ 1963ರಲ್ಲಿ ಆಕೆಯನ್ನು ಲಂಡನ್ನಿಗೆ ಕರೆತಂದರು. ಆಕೆಗಾಗ ಇನ್ನೂ ಹದಿಹರೆಯ. ಫಾಂಟಾನಾ ಕಂಪನಿಯಿಂದ ಬಂದ ಮೊದಲ ಪ್ಲೇಟು ಅಷ್ಟೇನೂ ಸದ್ದು ಮಾಡಲಿಲ್ಲ. ಎರಡನೆಯದೇ 1964ರ ‘ಮೈ ಬಾಯ್ ಲಾಲಿಪಾಪ್’. ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಜನಪ್ರಿಯತೆಯ ಪಟ್ಟಿಯ 2ನೇ ಸ್ಥಾನಕ್ಕೆ ಏರಿತು. ಜಗತ್ತಿನಾದ್ಯಂತ 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಐಲೆಂಡ್ ಆಗ ಸಣ್ಣ ಸಂಸ್ಥೆ. ಹಾಡು ಗೆದ್ದರೆ ಅಷ್ಟು ಪ್ಲೇಟು ಒತ್ತಿಸಿ ಹಂಚುವ ತಾಕತ್ತು ತಮಗಿಲ್ಲವೆಂದು ಅರಿತೇ ಬ್ಲ್ಯಾಕ್‌ವೆಲ್ ಅದನ್ನು ಫಾಂಟಾನಾಕ್ಕೆ ಒಪ್ಪಿಸಿದ್ದರು.

ಈ ಹಾಡಿನ ಪ್ರಯಾಣವನ್ನು ಬಲ್ಲವರು ಅದನ್ನು ಇಂಗ್ಲಿಷರ ರುಚಿಗೆ ಬಾಗಿದ ಸ್ಕಾ ಎಂದು ಹೇಳಲಾರರು. 1956ರಲ್ಲಿ ನ್ಯೂಯಾರ್ಕಿನ ಬಾರ್ಬಿ ಗೇ ಎಂಬ ಹದಿಹರೆಯದ ಹುಡುಗಿ ಇದನ್ನು ಮೊದಲು ಹಾಡಿದ್ದಳು. ಆ ಮೂಲ ಪ್ಲೇಟನ್ನು ಈಗಲೂ ಕೇಳಬಹುದು. ಅದರ ಲಯದಲ್ಲಿಯೇ ಸ್ಕಾಕ್ಕೆ ಬೇಕಾದ ತೂಗಾಟ ಇದೆ. ನ್ಯೂಯಾರ್ಕಿನಲ್ಲಿ ಬ್ಲ್ಯಾಕ್‌ವೆಲ್ ಕೈಗೆ ಸಿಕ್ಕಿ, ಜಮೈಕಾದ ಸೌಂಡ್ ಸಿಸ್ಟಂಗಳಲ್ಲಿ ತಿರುಗಿ, ಅಲ್ಲಿಯ ಜನರ ಕಾಲಿಗೆ ಒಗ್ಗಿದ ಮೇಲಷ್ಟೇ ಅದು ಲಂಡನ್ನಿನ ಸ್ಟುಡಿಯೊಗೆ ಬಂದದ್ದು. ಅಲ್ಲಿ ಅದಕ್ಕೆ ವಾದ್ಯಸಂಯೋಜನೆ ಮಾಡಿದವರು ಅರ್ನೆಸ್ಟ್ ರಾಂಗ್ಲಿನ್. ಜಮೈಕಾದ ಗಿಟಾರ್ ವಾದಕರಲ್ಲಿ ಅಗ್ರಗಣ್ಯರಾದ ರಾಂಗ್ಲಿನ್ ಸ್ಕಾದ ಆ ಮೊಟಕು ಪೆಟ್ಟು ರೂಪುಗೊಳ್ಳುವಾಗ ಕಿಂಗ್‌ಸ್ಟನ್ನಿನ ಸ್ಟುಡಿಯೊಗಳಲ್ಲಿ ಇದ್ದವರು. ಇದೇ 1964ರಲ್ಲಿ ಲಂಡನ್ನಿನ ರಾನಿ ಸ್ಕಾಟ್ ಜಾಝ್ ಕ್ಲಬ್ಬಿನಲ್ಲಿ ನುಡಿಸಿ ಅಲ್ಲಿನ ಜಾಝ್ ರಸಿಕರನ್ನು ಬೆರಗುಗೊಳಿಸಿದವರು. ಉಳಿದ ವಾದ್ಯಗಾರರು ಲಂಡನ್ನಿನವರು. ಆ ಲಯ ಅವರಿಗೆ ಹೊಸದು, ಅವರು ರಾಂಗ್ಲಿನ್ ಹೇಳಿದಂತೆ ನುಡಿಸಿದರು.

ಸುಮಾರು ಎರಡು ನಿಮಿಷದ ಈ ಹಾಡನ್ನು, ಪದಗಳನ್ನು ಮರೆತು ಕೇವಲ ಲಯಕ್ಕೆ ಕಿವಿಗೊಟ್ಟು ಕೇಳಬೇಕೆಂದು ಲೇಖಕರಲ್ಲಿ ನನ್ನ ವಿನಂತಿ. ಎದುರು ಪೆಟ್ಟನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಆರಂಭದಿಂದ ಕೊನೆಯವರೆಗೆ ಅದೇ ಮುಂದೆ ನಿಂತಿದೆ. ನಡುವೆ ಬರುವ ಮೌತ್ ಆರ್ಗನ್ ತುಣುಕು ಮಾತ್ರ ಆ ಕಾಲದ ಇಂಗ್ಲಿಷ್ ಪಾಪ್ ಶೈಲಿಯದು. (ಅದನ್ನು ನುಡಿಸಿದವರು ಬ್ರಿಟನ್ನಿನ ರಾಕ್ ಗಾಯಕ ರಾಡ್ ಸ್ಟೀವರ್ಟ್ ಎಂಬ ವದಂತಿ ದಶಕಗಳ ಕಾಲ ಓಡಾಡಿತು, ಸ್ಟೀವರ್ಟ್ ತಾವೇ ಅದನ್ನು ಅಲ್ಲಗಳೆದಿದ್ದಾರೆ.) ಮಿಲ್ಲಿಯವರ ಕಂಠ ತಾಳದ ಮೇಲೆ ಸವಾರಿ ಮಾಡುವ ರೀತಿಯನ್ನೂ ಗಮನಿಸಬೇಕು. ಸಾಲಿನ ಕೊನೆಯ ಸ್ವರವನ್ನು ಆಕೆ ನೇರವಾಗಿ ನಿಲ್ಲಿಸದೆ ಮೇಲಕ್ಕೆ ಚಿಮ್ಮಿಸಿ ಬಿಡುತ್ತಾರೆ. ವಾದ್ಯಗಳು ಮೊಟಕಿ ನಿಲ್ಲುತ್ತಿರುವಾಗ ಹಾಡುಗಾರಿಕೆ ಜಾರುತ್ತ ಹೋಗುವುದರಿಂದ ಎರಡರ ನಡುವೆ ಒಂದು ಎಳೆದಾಟ ಹುಟ್ಟುತ್ತದೆ. ಹದಿಹರೆಯದ ಹುಡುಗಿ ಇದನ್ನು ಲೀಲಾಜಾಲವಾಗಿ ಮಾಡಿದ್ದರಿಂದಲೇ ಅದು ಸುಲಭದ ಕೆಲಸವೆಂಬ ಭ್ರಮೆ ಕೇಳುಗರಿಗೆ ಬಂದಿರಬೇಕು.

ಇನ್ನು ಆಲ್ಬಂ ವಿಚಾರ. ಹಾಡು ಗೆದ್ದ ಬೆನ್ನಲ್ಲೇ 1964ರಲ್ಲಿ ಬ್ರಿಟನ್ನಿನಲ್ಲಿ ಫಾಂಟಾನಾ ಕಂಪನಿಯಿಂದ ‘ಮೋರ್ ಮಿಲ್ಲಿ’ ಎಂಬ ಹೆಸರಿನಲ್ಲಿಯೂ, ಅಮೆರಿಕದಲ್ಲಿ ಸ್ಮ್ಯಾಶ್ ಕಂಪನಿಯಿಂದ ಆ ಗೆದ್ದ ಹಾಡಿನ ಹೆಸರಿನಲ್ಲಿಯೂ ಆಕೆಯ ಮೊದಲ ಎಲ್‌ಪಿ, ಅಂದರೆ ಹಲವು ಹಾಡುಗಳ ದೊಡ್ಡ ಪ್ಲೇಟು, ಬಂತು. ಆಲ್ಬಂ ಎಂದರೆ ಒಂದು ಆಶಯದ ಸುತ್ತ ಹೆಣೆದ ಕೃತಿ ಎಂಬ ಕಲ್ಪನೆ ಪಾಪ್ ಲೋಕದಲ್ಲಿ ಇನ್ನೂ ಬೇರೂರಿರಲಿಲ್ಲ. ಒಂದು ಹಾಡು ಗೆದ್ದರೆ ಅದರ ಜೊತೆಗೆ ಹತ್ತು ಹನ್ನೊಂದು ಹಾಡುಗಳನ್ನು ಬೇಗ ಬೇಗ ಮುಗಿಸಿ ಅಂಗಡಿಗೆ ಕಳಿಸುವುದು ವಾಡಿಕೆಯಾಗಿತ್ತು. ಸ್ಕಾ ಲೋಕವಂತೂ ಪೂರ್ತಿಯಾಗಿ ಒಂಟಿ ಹಾಡಿನ ಪ್ಲೇಟುಗಳ ಮೇಲೆಯೇ ನಿಂತದ್ದು. ಸ್ಕಾ ಹಾಡುವ ಒಬ್ಬ ಹುಡುಗಿಯ ಹೆಸರಿನಲ್ಲಿ ಒಂದು ಇಡೀ ಎಲ್‌ಪಿ ಬರುವುದು ಆ ಕಾಲಕ್ಕೆ ಅಪರೂಪದ ಸಂಗತಿ. ಈ ಹಿನ್ನೆಲೆಯಲ್ಲಿ ನೋಡಿದಾಗಲೂ ಆಲ್ಬಂ ಏಕಪ್ರಕಾರವಾಗಿ ಚೆನ್ನಾಗಿದೆ ಎಂದು ನಾನು ಹೇಳಲಾರೆ. ‘ಸ್ವೀಟ್ ವಿಲಿಯಂ’ ಎಂಬುದು ಗೆದ್ದ ಹಾಡಿನ ಅಚ್ಚಿನಲ್ಲಿಯೇ ಎರಕ ಹೊಯ್ದಂತಿದೆ. ಜನಪ್ರಿಯತೆಯ ಪಟ್ಟಿಯಲ್ಲಿ ಅದು ಬ್ರಿಟನ್ನಿನಲ್ಲಿ 30ನೇ, ಅಮೆರಿಕದಲ್ಲಿ 40ನೇ ಸ್ಥಾನಕ್ಕೆ ಬಂದು ನಿಂತದ್ದು ಆಶ್ಚರ್ಯವೇನಲ್ಲ. ನಿಧಾನಗತಿಯ ಹಾಡುಗಳಲ್ಲಿ ಆಕೆಯ ಕಂಠ ಆಡಲು ಜಾಗವಿಲ್ಲದೆ ಸೊರಗುತ್ತದೆ. ವಾದ್ಯವೃಂದ ಒಮ್ಮೊಮ್ಮೆ ಯಾಂತ್ರಿಕವಾಗಿ ದುಡಿದು ಕೈತೊಳೆದುಕೊಂಡಿದೆ.

ಆದರೆ ‘ಟಾಮ್ ಹಾರ್ಕ್’ ಹಾಡನ್ನು ಕೇಳಿ. ಇದು ದಕ್ಷಿಣ ಆಫ್ರಿಕಾದ ಬೀದಿ ಹುಡುಗರು ತಗಡಿನ ಕೊಳಲಿನಲ್ಲಿ ನುಡಿಸುತ್ತಿದ್ದ ಕ್ವೇಲಾ ಎಂಬ ಸಂಗೀತದ ಪ್ರಸಿದ್ಧ ಧಾಟಿ. 1958ರಲ್ಲಿ ಬ್ರಿಟನ್ನಿನಲ್ಲಿಯೂ ಜನಪ್ರಿಯವಾಗಿತ್ತು. ಅದನ್ನು ಜಮೈಕಾದ ಹುಡುಗಿಯೊಬ್ಬಳು ಸ್ಕಾ ಲಯದಲ್ಲಿ ಲಂಡನ್ನಿನಲ್ಲಿ ಹಾಡಿದ್ದಾಳೆ. ಅಮೆರಿಕದ ರಿದಂ ಅಂಡ್ ಬ್ಲೂಸ್ ಹಾಡುಗಳನ್ನು ಎತ್ತಿಕೊಂಡಾಗಲೂ ಮಿಲ್ಲಿ ತಮ್ಮೂರಿನ ಗಾಯಕರು ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದ ಕೆಲಸವನ್ನೇ ಮಾಡಿದರು. ಮರುವರ್ಷ, 1965ರಲ್ಲಿ, ನ್ಯೂ ಆರ್ಲಿಯನ್ಸಿನ ಗಾಯಕ, ಪಿಯಾನೊ ವಾದಕ ಫ್ಯಾಟ್ಸ್ ಡೊಮಿನೊ ಅವರ ಹಾಡುಗಳದ್ದೇ ಒಂದು ಪೂರ್ತಿ ಆಲ್ಬಂ ಹೊರತಂದರು. ಸ್ಕಾದ ಲಯಕ್ಕೆ ಡೊಮಿನೊ ಅವರ ಪಿಯಾನೊದ ಋಣ ಎಷ್ಟೆಂಬುದನ್ನು ಬಲ್ಲ ಯಾರಿಗೂ ಈ ಆಯ್ಕೆ ವಿಚಿತ್ರವೆನಿಸದು. ಲೇಖಕರ ಕಣ್ಣಿಗೆ ಕಲಬೆರಕೆಯಾಗಿ ಕಂಡದ್ದು ನನಗೆ ಮಗಳು ತವರಿನ ಸಾಮಾನುಗಳನ್ನು ಹೊಸ ಮನೆಯಲ್ಲಿ ಜೋಡಿಸಿಟ್ಟಂತೆ ಕಾಣುತ್ತದೆ.

ನನ್ನ ಮುಖ್ಯ ತಕರಾರಿಗೆ ಈಗ ಬರುತ್ತೇನೆ. ಅದೇ ಲೇಖನದಲ್ಲಿ ಬಾಬ್ ಮಾರ್ಲಿ ಮತ್ತು ವೇಲರ್ಸ್ ತಂಡದ ‘ಕ್ಯಾಚ್ ಎ ಫೈರ್’ ಆಲ್ಬಮ್ಮನ್ನು, ರೆಗೆಯನ್ನು ವಿಶ್ವಕ್ಕೆ ತಲುಪಿಸಿದ ಮೇರುಕೃತಿ ಎಂದು ಕೊಂಡಾಡಲಾಗಿದೆ. ಮೇರುಕೃತಿ ಎಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ಆದರೆ 1973ರಲ್ಲಿ ಬಂದ ಆ ಆಲ್ಬಂ ತಯಾರಾದದ್ದು ಹೇಗೆ? ಜಮೈಕಾದಲ್ಲಿ ಮುದ್ರಿಸಿದ ಟೇಪುಗಳನ್ನು ಲಂಡನ್ನಿಗೆ ತಂದು, ಇದೇ ಬ್ಲ್ಯಾಕ್‌ವೆಲ್, ರಾಕ್ ಸಂಗೀತದ ಶ್ರೋತೃಗಳಿಗೆ ಹಿಡಿಸಲೆಂದು ವೇಯ್ನ್ ಪರ್ಕಿನ್ಸ್ ಎಂಬ ಅಮೆರಿಕನ್ ವಾದಕರಿಂದ ಗಿಟಾರನ್ನೂ, ರ‍್ಯಾಬಿಟ್ ಬಂಡ್ರಿಕ್ ಅವರಿಂದ ಕೀಬೋರ್ಡನ್ನೂ ಮೇಲೆ ಸೇರಿಸಿ, ಹಾಡುಗಳನ್ನು ಹೊಸದಾಗಿ ಹದಮಾಡಿ ಬಿಡುಗಡೆ ಮಾಡಿದರು. ಹೊರಗಿನ ವಾದ್ಯಗಾರರು, ಹೊರಗಿನ ಮಾರುಕಟ್ಟೆಯ ಮೇಲಿನ ಕಣ್ಣು, ಬದಲಾದ ಮಿಶ್ರಣ, ಎಲ್ಲವೂ ಇಲ್ಲಿಯೂ ಇವೆ. ಸಾಲದ್ದಕ್ಕೆ, ಮಿಲ್ಲಿಯವರ ಆ ಹಾಡಿನ ಲಯಕ್ಕೆ ದಿಕ್ಕು ತೋರಿಸಿದ ರಾಂಗ್ಲಿನ್ ಜಮೈಕಾದವರು. ಮಾರ್ಲಿಯವರ ಟೇಪಿನ ಮೇಲೆ ಗಿಟಾರ್ ನುಡಿಸಿದ ಪರ್ಕಿನ್ಸ್ ಅಲ್ಲಿಯವರಲ್ಲ. ಹೀಗಿದ್ದೂ ಒಬ್ಬರದು ವಿಶ್ವಕ್ಕೆ ತಲುಪಿದ ಕಲೆಯಾಯಿತು, ಇನ್ನೊಬ್ಬರದು ಕಲಬೆರಕೆಯಾಯಿತು. ಹಾಡಿದವರು ಗಡ್ಡ ಬಿಟ್ಟ ಗಂಭೀರ ತರುಣರಾಗಿದ್ದರೆ ಒಂದು ಅಳತೆಗೋಲು, ಫ್ರಾಕ್ ತೊಟ್ಟು ನಗುವ ಹುಡುಗಿಯಾಗಿದ್ದರೆ ಇನ್ನೊಂದು ಎನ್ನುವುದನ್ನು ಬಿಟ್ಟು ಬೇರೆ ವಿವರಣೆ ನನಗೆ ಹೊಳೆಯುತ್ತಿಲ್ಲ.

ಮಿಲ್ಲಿಯವರ ಗೆಲುವು ಇಲ್ಲದಿದ್ದರೆ ಮಾರ್ಲಿಯವರ ಆಲ್ಬಮ್ಮಿಗೆ ಹಣ ಹೂಡುವ ಐಲೆಂಡ್ ಸಂಸ್ಥೆ ಆ ಗಾತ್ರಕ್ಕೆ ಬೆಳೆಯುತ್ತಿತ್ತೇ ಎಂಬ ಪ್ರಶ್ನೆಯೂ ಇದೆ. ಬ್ಲ್ಯಾಕ್‌ವೆಲ್‌ಗೆ ಬ್ರಿಟನ್ನಿನ ಪಾಪ್ ವ್ಯವಹಾರದ ಬಾಗಿಲು ತೆರೆದದ್ದೇ ಈ ಹಾಡಿನಿಂದ. 1964ರಲ್ಲಿ ಮಿಲ್ಲಿಯವರ ದೂರದರ್ಶನ ಕಾರ್ಯಕ್ರಮಕ್ಕೆಂದು ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದಾಗಲೇ ಅವರು ಸ್ಪೆನ್ಸರ್ ಡೇವಿಸ್ ತಂಡವನ್ನು ಕೇಳಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಆ ತಂಡದಲ್ಲಿದ್ದ ಸ್ಟೀವ್ ವಿನ್‌ವುಡ್ ಮುಂದೆ ಐಲೆಂಡಿನ ದೊಡ್ಡ ಆಸ್ತಿಯಾದರು. ಬ್ರಿಟನ್ನಿನ ಬಿಳಿಯ ಹುಡುಗ ಹುಡುಗಿಯರ ಕಿವಿಗೆ ಎದುರು ಪೆಟ್ಟಿನ ಲಯ ಮೊದಲ ಬಾರಿಗೆ ಅಷ್ಟು ವ್ಯಾಪಕವಾಗಿ ಬಿದ್ದದ್ದೂ ಇದರಿಂದಲೇ. 1979ರ ಸುಮಾರಿಗೆ ಕವೆಂಟ್ರಿ ನಗರದ ಸ್ಪೆಷಲ್ಸ್ ತಂಡ, ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನಿಂತು ಸ್ಕಾವನ್ನು ಮತ್ತೆ ಮುನ್ನೆಲೆಗೆ ತಂದಾಗ, ಆ ಲಯವನ್ನು ಹಿಂದೆ ಕೇಳಿ ಬೆಳೆದಿದ್ದ ಒಂದು ಪೀಳಿಗೆಯೇ ಅಲ್ಲಿತ್ತು.

ನಿಜವಾಗಿ ಮೋಸವಾದದ್ದು ಹಣದ ಲೆಕ್ಕದಲ್ಲಿ. ಲೇಖನದಲ್ಲಿ ಅದರ ಸುಳಿವೇ ಇಲ್ಲ. ಬ್ರಿಟನ್ನಿನ ಪ್ಲೇಟುಗಳ ಮೇಲೆ ಆಕೆಯ ಪೂರ್ತಿ ಹೆಸರೂ ಇರಲಿಲ್ಲ, ಬರೀ ‘ಮಿಲ್ಲಿ’ ಎಂದಷ್ಟೇ ಅಚ್ಚಾಗಿತ್ತು. ಆ ಹಾಡಿನ ರಾಯಲ್ಟಿ ತಮಗೆ ಬಂದೇ ಇಲ್ಲವೆಂದು 1987ರಲ್ಲಿ ದೂರದರ್ಶನ ಸಂದರ್ಶನವೊಂದರಲ್ಲಿ ಆಕೆ ಹೇಳಿದರು; ಆಗ ಪುಟ್ಟ ಮಗಳೊಂದಿಗೆ ಲಂಡನ್ನಿನಲ್ಲಿ ಕಷ್ಟದ ಸ್ಥಿತಿಯಲ್ಲಿದ್ದರು. ಲಕ್ಷಾಂತರ ಪ್ಲೇಟು ಮಾರಾಟವಾದ ಗಾಯಕಿಯ ಕತೆ ಇದು. ಹಾಡಿದವರಿಗೆ ಒಂದಿಷ್ಟು ಕೈಗಿತ್ತು ಹಕ್ಕುಗಳನ್ನೆಲ್ಲ ಕಂಪನಿಯೇ ಇಟ್ಟುಕೊಳ್ಳುವ ಪದ್ಧತಿ ಕಿಂಗ್‌ಸ್ಟನ್ನಿನಲ್ಲಿಯೂ ಇತ್ತು, ಲಂಡನ್ನಿನಲ್ಲಿಯೂ ಇತ್ತು. ಗ್ರಾಮಫೋನ್ ಕಾಲದ ನಮ್ಮ ಗಾಯಕರ ವಿಷಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಆಮೇಲೆ ಕಣ್ಮರೆಯಾದಳು’ ಎಂಬ ಮಾತೂ ಸರಿಯಲ್ಲ. ಬ್ರಿಟನ್ನಿನ ರಾಜಕಾರಣಿ ಇನಾಕ್ ಪವೆಲ್ 1968ರಲ್ಲಿ ವಲಸಿಗರ ವಿರುದ್ಧ ಬರ್ಮಿಂಗ್‌ಹ್ಯಾಮಿನಲ್ಲಿ ವಿಷ ಕಾರುವ ಭಾಷಣ ಮಾಡಿದ ಬಳಿಕ, 1970ರಲ್ಲಿ ಆತನ ಹೆಸರನ್ನೇ ತಿರುಚಿ ‘ಇನಾಕ್ ಪವರ್’ ಎಂಬ ಹಾಡು ಹಾಡಿ ಉತ್ತರ ಕೊಟ್ಟವರಲ್ಲಿ ಇದೇ ಲಾಲಿಪಾಪ್ ಹುಡುಗಿ ಸೇರಿದ್ದರು. ವಾರವಿಡೀ ದುಡಿದು ಶನಿವಾರ ರಾತ್ರಿಗಾಗಿ ಕಾಯುವ ವಲಸೆ ಕಾರ್ಮಿಕರ ಪರವಾದ ಹಾಡು ಅದು. ಅದೇ ವರ್ಷ ಟ್ರೋಜನ್ ಕಂಪನಿಯಿಂದ ಬಂದ ಆಕೆಯ ಆಲ್ಬಮ್ಮಿನಲ್ಲಿ ಪ್ರಬುದ್ಧವಾದ ಹಾಡುಗಾರಿಕೆ ಇದೆ. ಆನಂತರ ಆಕೆ ಹಾಡುವುದನ್ನು ಹೆಚ್ಚು ಕಡಿಮೆ ನಿಲ್ಲಿಸಿದರು. ಜಮೈಕಾ ಸರ್ಕಾರ 2011ರಲ್ಲಿ ‘ಆರ್ಡರ್ ಆಫ್ ಡಿಸ್ಟಿಂಕ್ಷನ್’ ಗೌರವ ನೀಡಿತು. 2020ರ ಮೇ 5ರಂದು ಲಂಡನ್ನಿನಲ್ಲಿ ನಿಧನರಾದರು.

ಲೇಖನಮಾಲೆ ಮುಂದುವರಿಯಲಿದೆ ಎಂದು ಪುಟದ ಕೊನೆಯಲ್ಲಿ ಸೂಚಿಸಿದ್ದೀರಿ. ಹಾಗಿದ್ದಲ್ಲಿ ಮುಂದಿನ ಕಂತಿನಲ್ಲಿ ಈ ಚೊಚ್ಚಲ ಆಲ್ಬಂ ಬಗ್ಗೆ, ಹಾಡುಗಳನ್ನು ಒಂದೊಂದಾಗಿ ಕೇಳಿ, ಅರ್ಧ ಪುಟವಾದರೂ ಬರೆಸಬೇಕೆಂದು ಕೋರುತ್ತೇನೆ. ಅರ್ನೆಸ್ಟ್ ರಾಂಗ್ಲಿನ್ ಅವರ ಹೆಸರು ಇಡೀ ಲೇಖನದಲ್ಲಿ ಒಮ್ಮೆಯೂ ಬಂದಿಲ್ಲ, ಅದನ್ನೂ ಸೇರಿಸಬೇಕು. ಲೇಖಕರಿಗೆ ಆಲ್ಬಂ ಹಿಡಿಸದಿದ್ದರೆ ಹಿಡಿಸಲಿಲ್ಲವೆಂದೇ ಬರೆಯಲಿ, ಯಾವ ಹಾಡು ಏಕೆ ಎಂದು ಹೇಳಿ ಬರೆಯಲಿ. ಜೊತೆಗೆ ಪ್ರಕಟವಾಗಿದ್ದ ಚಿತ್ರದ ಅಡಿಬರಹದಲ್ಲಿ ‘ಲಾಲಿಪಾಪ್ ಹುಡುಗಿ’ ಎಂದಷ್ಟೇ ಇದೆ. ಮುಂದಿನ ಬಾರಿ ಮಿಲ್ಲಿ ಸ್ಮಾಲ್ ಎಂಬ ಪೂರ್ತಿ ಹೆಸರನ್ನು ಅಚ್ಚು ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಮೈಸೂರು